ಬಂದವನ ಪಾಲಿನ ಎಣ್ಣೆ

ಚಿಕ್ಕಪ್ಪ ಫೋನಿನಲ್ಲಿ ಕೇಳಿದ್ದು ಸಣ್ಣ ಕೆಲಸ. ಸಿರುಗುಪ್ಪ ತಾಲ್ಲೂಕಿನಲ್ಲಿ, ಹಗರಿ ಹೊಳೆಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮ ಊರಿನಲ್ಲಿ ಒಂದು ವೀರಗಲ್ಲಿದೆ. ಅದರ ಪಕ್ಕ ಗ್ರಾನೈಟ್ ಫಲಕ ನಿಲ್ಲಿಸಬೇಕೆಂದು ಊರಿನವರು ಸಮಿತಿ ಮಾಡಿಕೊಂಡಿದ್ದರು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಚಿಕ್ಕಪ್ಪನೇ ಅಧ್ಯಕ್ಷರು. ರಾಜ್ಯೋತ್ಸವದ ದಿನ ಅನಾವರಣ. ಬರಹ ನಾನು ಕೊಡಬೇಕು, ಯಾಕೆಂದರೆ ನಾನು ಇತಿಹಾಸ ಓದಿದವಳು, ಕುರುಗೋಡಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಅದಕ್ಕಿಂತ ಹೆಚ್ಚಾಗಿ, ಆ ಕಲ್ಲನ್ನು ಮೊದಲು ಓದಿ ಪುಸ್ತಕ ಬರೆದವರು ನಮ್ಮ ತಾತ.

“ನೀ ಹೊಸದೇನೂ ಬರಿಯೋದು ಬ್ಯಾಡ,” ಎಂದರು ಚಿಕ್ಕಪ್ಪ. “ತಾತಾರ ಪುಸ್ತಕದಾಗ ಆ ಸಾಲು ಐತಲ್ಲ, ಅದನ್ನ ನಡುವ ಇಟ್ಟು ಹಿಂದ ಮುಂದ ಎರಡು ಮಾತು ಹಾಕಿಕೊಡು, ಸಾಕು.”

ಆ ಸಾಲು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅದರ ಪ್ರಕಾರ ಕಲ್ಲಿನ ಮೇಲಿರುವವನು ಆಂಧ್ರದ ಕಡೆಯಿಂದ ದಂಡೆತ್ತಿ ಬಂದ ಶತ್ರುವನ್ನು ತಡೆದು, ಕನ್ನಡ ನಾಡಿನ ಗಡಿ ಕಾಯುತ್ತ ಮಡಿದ ವೀರ. ತಾತನ ಪುಸ್ತಕದಿಂದ ಅದು ಬೇರೆಯವರ ಪುಸ್ತಕಗಳಿಗೆ ಹೋಯಿತು, ಅಲ್ಲಿಂದ ಸ್ಮರಣ ಸಂಚಿಕೆಗಳಿಗೆ, ಅಲ್ಲಿಂದ ಭಾಷಣಗಳಿಗೆ. ಈಗ ಕಲ್ಲಿನ ಮೇಲೆಯೇ ಬರಲಿತ್ತು.

ತಾತ ಅದನ್ನು ಬರೆದಾಗ ಇಪ್ಪತ್ತರ ಹರೆಯದ ಮೇಷ್ಟ್ರು. ಮಹಾಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ಭಾಷೆಗೊಂದು ರಾಜ್ಯ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದ್ದ ಕಾಲ. ಬಳ್ಳಾರಿ ಜಿಲ್ಲೆ ಇನ್ನೂ ಮದರಾಸಿನ ಕೆಳಗಿತ್ತು. ಆಂಧ್ರ ಬೇರೆಯಾಗುವುದು ನಿಶ್ಚಯವಾದಾಗ ಯಾವ ತಾಲ್ಲೂಕು ಯಾರಿಗೆ ಎಂಬ ಜಗಳ ಎದ್ದಿತು. ಕೊನೆಗೆ ಆದೋನಿ, ಆಲೂರು ಆ ಕಡೆ ಹೋದವು, ಸಿರುಗುಪ್ಪ ಈ ಕಡೆ ಉಳಿಯಿತು. ಅಡುಗೆಮನೆಯಲ್ಲಿ ಒಂದು, ಹೊಲದಲ್ಲಿ ಒಂದು, ಸಂತೆಯಲ್ಲಿ ಉರ್ದುವನ್ನೂ ಸೇರಿಸಿ ಮೂರು ಭಾಷೆ ಆಡುತ್ತಿದ್ದ ಜನ ಯಾವುದೋ ಒಂದನ್ನು ತಮ್ಮದೆಂದು ಹೇಳಬೇಕಾಯಿತು. ಅಂಥ ಹೊತ್ತಿನಲ್ಲಿ ಹಳೆಯ ಕಲ್ಲುಗಳನ್ನು ಸಾಕ್ಷಿಗೆ ಕರೆದರು. ಎರಡೂ ಕಡೆಯವರು ಕರೆದರು. ಈ ನೆಲ ಯಾವಾಗಿನಿಂದಲೂ ಯಾರದು ಎಂದು ಕಲ್ಲು ಹೇಳಬೇಕಿತ್ತು, ಮತ್ತು ಕಲ್ಲಿನ ಪರವಾಗಿ ಹೇಳಬಲ್ಲವರು ತಾತನಂಥ ಓದಿದ ಹುಡುಗರು.

ತಾತನ ಮದುವೆಯಾದದ್ದೂ ಅದೇ ದಿನಗಳಲ್ಲಿ, ಆಲೂರು ಕಡೆಯ ಹುಡುಗಿಯೊಂದಿಗೆ. ಮದುವೆಯ ಅಕ್ಕಿಕಾಳು ಬೀಳುವಾಗ ಒಂದೇ ಜಿಲ್ಲೆ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೊತ್ತಿಗೆ ಎರಡು ರಾಜ್ಯ ಎಂದು ಮನೆಯಲ್ಲಿ ಈಗಲೂ ನಗುತ್ತಾರೆ. ಆ ಹುಡುಗಿ ನಮ್ಮ ಅಜ್ಜಿ. ತಾತ ತೀರಿಕೊಂಡ ಮೇಲೆ ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಜೊತೆಗಿದ್ದಾಳೆ. ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನನ್ನನ್ನು ಕರೆಯುವುದು ‘ತಲ್ಲಿ’ ಎಂದೇ, ತೆಲುಗಿನಲ್ಲಿ ತಾಯಿ ಎಂದು.

ಫಲಕದ ಬರಹಕ್ಕೆಂದು ಬೀರುವಿನಿಂದ ಪುಸ್ತಕ ತೆಗೆದ ಸಂಜೆ, ಏನು ಓದುತ್ತಿದ್ದೀಯ ಎಂದು ಅಜ್ಜಿ ಕೇಳಿದಳು. ತಾತನ ಪುಸ್ತಕ ಎಂದೆ. ಅದರಲ್ಲಿ ಏನಿದೆ ಎಂದಳು. ಆಗ ನನಗೆ ಗೊತ್ತಾದದ್ದು, ಅಷ್ಟು ವರ್ಷ ಆ ಪುಸ್ತಕದ ಜೊತೆ ಸಂಸಾರ ಮಾಡಿಯೂ ಅದರಲ್ಲಿ ಏನಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಊರಿನ ಕಲ್ಲಿನ ಭಾಗವನ್ನು ಪೂರ್ತಿ ಓದಿದೆ. ಅಜ್ಜಿ ಅಕ್ಕಿ ಆರಿಸುವ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು. ಓದಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು.

“ಯಾರು ಶತ್ರು ಅಂತ ಬರದಾರ?”

“ಕಲ್ಲಿನ ಬಲಗಡೆ ಇರಾಂವ.”

“ಬಂದಾಂವನ್ನ?”

ಯಾರು ಬಂದವನು ಎಂದು ಕೇಳಿದೆ. ಆಗ ಅಜ್ಜಿ ಹೇಳಿದ್ದನ್ನು ಕೇಳುವಾಗ ನನಗೆ ಆ ಕಲ್ಲು ಕಣ್ಣಿಗೆ ಕಟ್ಟುತ್ತಿತ್ತು, ಆದರೆ ಬೇರೆ ಥರ.

ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಇಬ್ಬರು ಎದುರು ಬದುರು ನಿಂತು ಕಾದಾಡುತ್ತಿದ್ದಾರೆ. ಎಡಗಡೆಯವನ ಕೈಯಲ್ಲಿ ಕತ್ತಿ, ಗುರಾಣಿ. ಬಲಗಡೆಯವನ ಕೈಯಲ್ಲಿ ಬಿಲ್ಲು. ಇಬ್ಬರ ಹಿಂದೆ ದನಗಳು. ದೀಪಾವಳಿಯ ಪಾಡ್ಯದ ದಿನ ಗಂಡಸರು ದನ ತೊಳೆಯಲು ಹೋದಾಗ ಹೆಂಗಸರು ಎಣ್ಣೆ ಬಟ್ಟಲು ಹಿಡಿದು ಕಲ್ಲಿನ ಹತ್ತಿರ ಹೋಗುತ್ತಾರೆ. ಚಿಕ್ಕವಳಿದ್ದಾಗ ನಾನೂ ಹೋಗಿದ್ದೇನೆ. ನನ್ನ ಕೈಯಲ್ಲಿ ಎಡಗಡೆಯವನಿಗೆ ಎಣ್ಣೆ ಹಚ್ಚಿಸುತ್ತಿದ್ದರು, ನಾನು ಹಚ್ಚುತ್ತಿದ್ದೆ. ನನಗೆ ತಿಳಿದಿದ್ದು ಅಷ್ಟೇ. ಉಳಿದದ್ದನ್ನು ಈಗ ಅಜ್ಜಿ ಹೇಳಿದಳು. ಎಡಗಡೆಯವನು ಊರಿನವನಂತೆ, ಅವನು ಊರಿನ ಹೆಣ್ಣುಮಕ್ಕಳ ಪಾಲು. ಬಲಗಡೆಯವನು ಹೊರಗಿನಿಂದ ಬಂದವನು. ಅವನು ಸೊಸೆಯರ ಪಾಲು. ಈ ವರ್ಷ ಮದುವೆಯಾಗಿ ಬಂದವಳ ಕೈಯನ್ನು ಹೋದ ವರ್ಷ ಬಂದವಳು ಹಿಡಿದು ಬಲಗಡೆಯವನ ಎದೆಗೆ ಎಣ್ಣೆ ಹಚ್ಚಿಸುತ್ತಾಳೆ. ಅತ್ತೆಯರು ಆ ಹೊತ್ತಿನಲ್ಲಿ ಹಿಂದೆ ನಿಲ್ಲುತ್ತಾರೆ. ಕೈ ಹಿಡಿದವಳು ಹೇಳುವ ಮಾತೂ ಒಂದಿದೆ. ಅದನ್ನು ಅಜ್ಜಿ ಹೇಳಿದ್ದು ಹೀಗೆ:

“‘ಇವನೂ ನಿನ್ನಂಗ ಬಂದಾಂವ. ನಿನ್ನ ಮಾತು ಇವಗ ತಿಳೀತೈತಿ.’ ಹಂಗ ಹೇಳಿ ಕೈ ಬಿಡ್ತಾರ. ಆಮ್ಯಾಲೆ ನಾವು ಏನು ಬೇಕಾದ್ರೂ ಹೇಳ್ಕೋಬಹುದು. ನಾ ತೆಲುಗಿನಾಗ ಹೇಳ್ತಿದ್ದೆ. ಆ ಊರಾಗ ನನ್ನ ತೆಲುಗು ಕೇಳಿದಾಂವ ಆಂವ ಒಬ್ಬನೇ.”

ಏನು ಹೇಳಿಕೊಳ್ಳುತ್ತಿದ್ದೆ ಎಂದು ನಾನು ಕೇಳಲಿಲ್ಲ. ತಾತನಿಗೆ ಇದು ಗೊತ್ತಿರಲಿಲ್ಲವೆ ಎಂದು ಮಾತ್ರ ಕೇಳಿದೆ. ಗಂಡಸರು ದನ ತೊಳೆಯಲು ಹೋಗಿರುತ್ತಿದ್ದರಲ್ಲ ಎಂದಳು. ಪುಸ್ತಕ ಬರೆಯುವಾಗ ತಾತ ಊರಿನ ಗೌಡರನ್ನು, ಶಾನುಭೋಗರನ್ನು, ಪೂಜಾರಿಯನ್ನು ಕೂರಿಸಿಕೊಂಡು ಕೇಳಿದ್ದ. ಅವರಿಗೆಲ್ಲ ಅವಳೇ ಚಹಾ ಮಾಡಿಕೊಟ್ಟಿದ್ದಳು.

ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು. ಈ ಸಲ ಪಾಡ್ಯಕ್ಕೆ ಊರಿಗೆ ಹೋಗಬೇಕೆಂದು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ತಿಂಗಳಿನಿಂದ ತಯಾರಿ ನಡೆಸಿದ್ದಳು. ಎಷ್ಟೋ ವರ್ಷಗಳಿಂದ ಹೋಗಲು ಆಗಿರಲಿಲ್ಲ.

“ಆ ಮಾತು ಕಲ್ಲಾಗ ಕೊರದ್ರ ನಾ ಬರಂಗಿಲ್ಲ ತಲ್ಲಿ,” ಎಂದಳು. “ಅವನ ಮುಂದ ನಿಂತು ಏನಂತ ಹಚ್ಚಲಿ?”

ಅಲ್ಲಿಗೆ ನನ್ನ ಕೆಲಸ ಏನೆಂದು ಸ್ಪಷ್ಟವಾಯಿತು. ಆ ಸಾಲು ಫಲಕದ ಮೇಲೆ ಬರಬಾರದು. ಆದರೆ ಅಜ್ಜಿಗೆ ನೋವಾಗುತ್ತದೆ ಎಂಬುದು ಒಂದು ಸಾಲನ್ನು ತೆಗೆಯಲು ಸಾಕಾದ ಕಾರಣವಲ್ಲ. ಅದು ನಿಜವಾಗಿದ್ದರೆ ನಾನೇ ಬರೆದುಕೊಡಬೇಕಾಗುತ್ತಿತ್ತು. ಆದ್ದರಿಂದ ಮೊದಲು ಕಲ್ಲನ್ನು ನೋಡಬೇಕಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಊರಿಗೆ ಹೋದೆ. ಭತ್ತ ತೆನೆ ಹೊತ್ತಿತ್ತು. ಚಿಕ್ಕಪ್ಪನ ತಾಯಿ, ನಾವು ಚಿಕ್ಕಜ್ಜಿ ಎನ್ನುವವಳು, ಊರಿನ ಮನೆಯಲ್ಲೇ ಇದ್ದಾಳೆ. ಅವಳು ನಮ್ಮ ಅಜ್ಜಿಯ ನೆಗೆಣ್ಣಿ, ತಾತನ ತಮ್ಮನ ಹೆಂಡತಿ. ಕಲ್ಲಿನ ಮೇಲೆ ವರ್ಷವರ್ಷದ ಎಣ್ಣೆ, ಸುಣ್ಣ ಪದರ ಪದರವಾಗಿ ಕಟ್ಟಿತ್ತು. ಅದನ್ನು ತೆಗೆಯಬಹುದೆ ಎಂದು ಚಿಕ್ಕಜ್ಜಿಯನ್ನು ಕೇಳಿದೆ. ಅಕ್ಷರದ ಮೇಲಿನದು ತೆಗಿ, ಅವರಿಬ್ಬರನ್ನ ಮುಟ್ಟಬೇಡ ಎಂದಳು. ನೀರು ಹಾಕಿ ನೆನೆಸಿ ಬಿದಿರಿನ ಚೂರಿನಿಂದ ಮೆಲ್ಲಗೆ ಕೆರೆದು, ಅಕ್ಷರಗಳ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಓದುವಂತಾಯಿತು.

ಅಕ್ಷರದ ರೂಪ ನೋಡಿದರೆ ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಕಾಲದ್ದು, ಹನ್ನೆರಡನೆಯ ಶತಮಾನದ ಆಸುಪಾಸು. ಅದರಲ್ಲಿರುವುದು ಇಷ್ಟು: ದನಗಳನ್ನು ಹಿಡಿದರು, ಒಬ್ಬ ಅವುಗಳನ್ನು ಬಿಡಿಸಿ ಸತ್ತ, ಅವನ ತಮ್ಮ ಕಲ್ಲು ನಿಲ್ಲಿಸಿದ. ದನ ಹಿಡಿದವರು ಯಾರು ಎಂದು ಹೇಳಬೇಕಾದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದು ಹೋಗಿದೆ. ಅಂಗೈಯಷ್ಟು ಜಾಗ. ಈಚಿನದಲ್ಲ, ಹಳೆಯ ಒಡಕು. ಅದರ ಒಳಗೂ ಸುಣ್ಣ ಕಟ್ಟಿತ್ತು. ತಾತನ ಕಾಲಕ್ಕೂ ಅಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ಪುಸ್ತಕದ ಎರಡು ಮುದ್ರಣಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ತಾತ ಆ ಜಾಗವನ್ನು ಚುಕ್ಕಿಗಳಿಂದ ತೋರಿಸಿ, ಆಂಧ್ರದ ಕಡೆಯವರು ಇರಬಹುದೆ ಎಂದು ಕೇಳಿದ್ದ. ಅದೊಂದು ಪ್ರಶ್ನೆ. ಗಡಿಯ ಗಲಾಟೆ ಜೋರಾದ ಮೇಲೆ ಬಂದ ಎರಡನೆಯದರಲ್ಲಿ ಚುಕ್ಕಿಗಳೂ ಇಲ್ಲ, ಪ್ರಶ್ನೆಯೂ ಇಲ್ಲ. ತಾನೇ ತೆಗೆದನೋ, ಅಚ್ಚು ಹಾಕಿಸಿದವರು ತೆಗೆದರೋ ತಿಳಿಯದು. ಆಮೇಲೆ ಬರೆದವರೆಲ್ಲ ನೋಡಿದ್ದು ಎರಡನೆಯದನ್ನು. ಆ ಕಾಲದಲ್ಲಿ ಹಗರಿಯ ಎರಡೂ ದಂಡೆಗೆ ಒಬ್ಬನೇ ದೊರೆ ಇದ್ದ ವರ್ಷಗಳೂ ಉಂಟು, ದಂಡೆಗೊಬ್ಬ ಇದ್ದ ವರ್ಷಗಳೂ ಉಂಟು. ದನ ಹಿಡಿದವರು ಪಕ್ಕದ ಊರಿನವರೇ ಆಗಿರಬಹುದು. ಕನ್ನಡದವರೇ ಆಗಿರಬಹುದು. ತಾತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಾಲ್ಲೂಕೇ ಕೈಬಿಟ್ಟು ಹೋಗುತ್ತದೆಂಬ ಭಯವಿದ್ದ ದಿನಗಳಲ್ಲಿ ಪ್ರಶ್ನೆ ಕೇಳಿಕೊಂಡು ಕೂರುವುದು ಸುಲಭವಿರಲಿಲ್ಲ. ಆದರೆ ಆ ಭಯ ನನ್ನದಲ್ಲ. ನಾನು ಅದನ್ನು ಮತ್ತೆ ಕೊರೆಸಬೇಕಿಲ್ಲ.

ನಾಲ್ಕು ಸಾಲು ಬರೆದು ಚಿಕ್ಕಪ್ಪನಿಗೆ ಕಳಿಸಿದೆ. ಕಾಳಗ ದನಗಳಿಗಾಗಿ ನಡೆಯಿತು; ದನ ಹಿಡಿದವರು ಯಾರೆಂದು ಉಳಿದಿರುವ ಅಕ್ಷರಗಳಿಂದ ತಿಳಿಯುವುದಿಲ್ಲ; ಊರಿನ ಹೆಣ್ಣುಮಕ್ಕಳು ಎಡಗಡೆಯವನಿಗೂ ಸೊಸೆಯರು ಬಲಗಡೆಯವನಿಗೂ ಪಾಡ್ಯದ ದಿನ ಎಣ್ಣೆ ಹಚ್ಚುತ್ತಾರೆ; ಕಲ್ಲನ್ನು ಮೊದಲು ಓದಿದವರು ಇಂಥವರು ಎಂದು ತಾತನ ಹೆಸರು.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಸಿಟ್ಟಾಗಿರಲಿಲ್ಲ, ನನಗೆ ತಿಳಿವಳಿಕೆ ಸಾಲದು ಎಂಬ ದನಿ.

“ಇಷ್ಟು ಓದಿ ಕೊನೀಗೆ ಗೊತ್ತಿಲ್ಲ ಅಂತ ಬರದೀಯಲ್ಲ. ಗೊತ್ತಿಲ್ಲ ಅನ್ನಾಕ ಗ್ರಾನೈಟ್ ಯಾಕ ಬೇಕವ್ವಾ? ಸುಮ್ಮನ ಇದ್ರ ಸಾಲಂಗಿಲ್ಲೇನು?”

ಒಡೆದ ಜಾಗದ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿದರು. ತಾತನ ಮಾತನ್ನು ಮೊಮ್ಮಗಳೇ ಅಳಿಸಿದಳು ಅಂತ ಊರು ಆಡಿಕೊಳ್ಳುತ್ತದೆ ಎಂದರು. ಎಣ್ಣೆಯ ಸಂಗತಿ ಹೆಂಗಸರ ಮಾತು, ಅದು ಫಲಕದ ಮೇಲೆ ಬರುವಂಥದ್ದಲ್ಲ ಎಂದರು. ಅನಾವರಣಕ್ಕೆ ದೊಡ್ಡವರು ಬರುತ್ತಾರೆ, ಅವರಿಗೆ ಮಾತಾಡಲು ಏನಾದರೂ ಬೇಕಲ್ಲ ಎಂದೂ ಹೇಳಿದರು. ನೋಡುತ್ತೇನೆ ಎಂದು ಇಟ್ಟರು. ನೋಡುತ್ತೇನೆ ಎಂದರೆ ಒಪ್ಪಲಿಲ್ಲ ಎಂದು ನನಗೆ ಅರ್ಥವಾಗಬೇಕಿತ್ತು.

ಫಲಕ ತಯಾರಾಗುತ್ತಿದ್ದದ್ದು ಕುರುಗೋಡಿನಲ್ಲೇ, ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯ ಕಲ್ಲಿನ ಅಂಗಡಿಯಲ್ಲಿ. ಒಂದು ಸಂಜೆ ಕ್ಲಾಸು ಮುಗಿಸಿ ಅದರ ಮುಂದೆ ಹೋಗುವಾಗ ಯಂತ್ರದ ಸದ್ದು ಕೇಳಿ ಒಳಗೆ ಹೋದೆ. ಕಪ್ಪು ಗ್ರಾನೈಟ್ ಮೇಜಿನ ಮೇಲೆ ಮಲಗಿತ್ತು. ಅಕ್ಷರ ಕತ್ತರಿಸಿದ ಹಾಳೆಯನ್ನು ಅದರ ಮೇಲೆ ಅಂಟಿಸಿದ್ದರು. ತಾತನ ಸಾಲು, ಎರಡನೆಯ ಮುದ್ರಣದ್ದು, ಹಾಗೆಯೇ ಇತ್ತು. ಕೆಳಗೆ ಬರಹ ಎಂದು ನನ್ನ ಹೆಸರು. ತಲೆಬರಹ ಕೊರೆದಾಗಿತ್ತು. ಆ ಸಾಲಿನ ಮೊದಲ ಪದ, ‘ಆಂಧ್ರದ’ ಎಂಬುದು, ಅರೆಬರೆ ಆಗಿತ್ತು.

ಯಂತ್ರ ನಿಲ್ಲಿಸಲು ಹೇಳಿದೆ. ಅಂಗಡಿಯವರು ನನ್ನನ್ನು ನೋಡಿದರು, ಫಲಕದ ಮೇಲಿನ ಹೆಸರು ನೋಡಿದರು, ನಿಲ್ಲಿಸಿದರು. ಚಿಕ್ಕಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

“ನಿಲ್ಲಸಾಕ ನೀ ಯಾರವ್ವಾ?”

“ನನ್ನ ಹೆಸರು ಐತಲ್ರಿ ಕೆಳಗ. ನಾ ಬರೀದ ಮಾತಿಗೆ ನನ್ನ ಹೆಸರು ಬ್ಯಾಡ ಚಿಕ್ಕಪ್ಪ. ತೆಗಸ್ರಿ. ಆದ್ರ ತೆಗಸೋಕಿಂತ ಮೊದ್ಲು ಸಮಿತಿಯವರ ಮುಂದ ಒಂದು ಸಲ ಕೂತು ಮಾತಾಡೋಣ. ಅಜ್ಜೀನ ಕರಕೊಂಡು ಬರ್ತೀನಿ.”

ಅಜ್ಜಿಯ ಹೆಸರು ಹೇಳಿದ ಮೇಲೆ ಅವರಿಗೆ ಬೇಡವೆನ್ನಲು ಆಗಲಿಲ್ಲ.

ಮುಂದಿನ ಭಾನುವಾರ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಊರಿನ ಮನೆಯ ಪಡಸಾಲೆಯಲ್ಲಿ ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದಿದ್ದವು. ಅಜ್ಜಿಯನ್ನು ಒಳಗೆ ಬರಲು ಕರೆದರು. ಅವಳು ಹೋಗಲಿಲ್ಲ. ತನಗೂ ಒಂದು ಕುರ್ಚಿ ಇಲ್ಲೇ ಹಾಕಿ ಎಂದಳು. ಅವಳು ಕೂತದ್ದನ್ನು ನೋಡಿ ಚಿಕ್ಕಜ್ಜಿಯೂ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು.

ನಾನು ಕಾಗದದ ಅಚ್ಚನ್ನು ನೆಲದ ಮೇಲೆ ಬಿಡಿಸಿ, ಓದಿ, ಒಡೆದ ಜಾಗ ತೋರಿಸಿದೆ. ಪುಸ್ತಕದ ಎರಡು ಮುದ್ರಣಗಳನ್ನೂ ತೋರಿಸಿದೆ. ಒಬ್ಬರು ಬಗ್ಗಿ ನೋಡಿದರು. ಮಿಕ್ಕವರು ಚಿಕ್ಕಪ್ಪನ ಮುಖ ನೋಡಿದರು. ಇದೆಲ್ಲ ಓದಿದವರಿಗೆ ಸರಿ, ಆದರೆ ಜನರಿಗೆ ವೀರ ಅಂದರೆ ಅವನ ಎದುರು ವೈರಿ ಇರಬೇಕಲ್ಲ ಎಂದರು ಚಿಕ್ಕಪ್ಪ. ಹೊಸ್ತಿಲಿನಿಂದ ಚಿಕ್ಕಜ್ಜಿ ಕೇಳಿದಳು.

“ಯಾರಲೇ ವೈರಿ?”

“ಅದೇ ಯವ್ವಾ, ಕಲ್ಲಿನ ಬಲಗಡೆ ಇರಾಂವ.”

“ಬಲಗಡೆ ಇರಾಂವಗ ಹರಕಿ ಹೊತ್ತು ನಿನ್ನ ಹಡದೀನಿ ನಾ.” ಚಿಕ್ಕಜ್ಜಿ ದನಿ ಏರಿಸಲಿಲ್ಲ. “ಮದುವ್ಯಾಗಿ ಎಷ್ಟು ವರ್ಷ ಆದ್ರೂ ಮಕ್ಕಳಿಲ್ಲ ಅಂತ ನಮ್ಮತ್ತಿ ಮಾರಿ ತಿರುವಿಕೊಂಡು ಅಡ್ಡಾಡ್ತಿದ್ಲು. ಯಾರಿಗೆ ಹೇಳ್ಕೋಬೇಕಿತ್ತು? ಎಡಗಡೆಯವಗ ಹೇಳೋಣಂದ್ರ ನಮ್ಮತ್ತಿ ಇದೇ ಊರಾಗ ಹುಟ್ಟಿ ಇದೇ ಊರಾಗ ಕೊಟ್ಟಾಕಿ, ಆಂವ ಆಕಿ ಪಾರ್ಟಿ. ಈ ಅಕ್ಕ ನನ್ನ ಕೈ ಹಿಡಿದು ಬಂದಾಂವಗ ಎಣ್ಣಿ ಹಚ್ಚಿಸಿದ್ಲು. ಅವನ್ನ ವೈರಿ ಅಂತ ಬರಸ್ತೀಯೇನಲೇ ನೀನು?”

ಯಾರೋ ಮಿರ್ಚಿ ಬಾಯಲ್ಲಿಟ್ಟುಕೊಂಡೇ ನಕ್ಕರು. ನಡುಮನೆಯ ಬಾಗಿಲ ಹಿಂದಿನಿಂದ ಚಿಕ್ಕಮ್ಮ, ತಾನೂ ಅವನಿಗೇ ಹಚ್ಚುವುದು ಎಂದಳು. ಸಮಿತಿಯ ಒಬ್ಬರು ನಮ್ಮ ಮನೆಯಲ್ಲಿಯೂ ಹಾಗೆಯೇ ಏನೋ, ಕೇಳಬೇಕು ಎಂದರು. “ಕೇಳೋದೇನೈತಿ,” ಎಂದರು ಇನ್ನೊಬ್ಬರು, “ನಿನ್ನ ಹೆಂಡ್ತಿ ಯಾವೂರಾಕಿ? ಹೊಳಗುಂದಿಯಾಕಿ, ಆಂಧ್ರದಾಕಿ. ನಿಮ್ಮನೀ ಪೂರ್ತಿ ಶತ್ರು ಪಕ್ಷ.” ಚಿಕ್ಕಪ್ಪನೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ತಾನು ಹುಟ್ಟಿದ ಊರಿನಲ್ಲಿ ಇಷ್ಟು ವರ್ಷ ಇದು ತನಗೆ ಗೊತ್ತೇ ಇರಲಿಲ್ಲ ಎಂದು ಅಮ್ಮನ ಕಡೆ ತಿರುಗಿ ಹೇಳಿದರು. ದನ ತೊಳೆಯಲು ಹೋಗಿದ್ದೆಯಲ್ಲ ಎಂದಳು ಚಿಕ್ಕಜ್ಜಿ.

ಅಲ್ಲಿಗೆ ಸಾಲು ಹೋಯಿತು, ಆದರೆ ಮಾತು ಮುಗಿಯಲಿಲ್ಲ. ‘ತಿಳಿಯುವುದಿಲ್ಲ’ ಎಂಬುದನ್ನೂ ತೆಗೆದುಬಿಡು, ನಿನ್ನದೂ ಬೇಡ ನಮ್ಮದೂ ಬೇಡ ಎಂದರು ಚಿಕ್ಕಪ್ಪ. ಆಗುವುದಿಲ್ಲ ಎಂದೆ. ಅದಿಲ್ಲದಿದ್ದರೆ ಮುಂದೆ ಯಾರಾದರೂ ಆ ಜಾಗವನ್ನು ಮತ್ತೆ ತಮಗೆ ಬೇಕಾದ ಹಾಗೆ ತುಂಬುತ್ತಾರೆ ಎಂದು ವಿವರಿಸಿದೆ. ಬಿಸಿಲು ಏರುವವರೆಗೆ ಅದೇ ಒಂದು ಪದದ ಮೇಲೆ ಕೂತೆವು. ಚಹಾ ಬಂತು, ಮತ್ತೆ ಬಂತು. ನಾನು ಏಳಲಿಲ್ಲ. ಕೊನೆಗೆ ಚಿಕ್ಕಪ್ಪನಿಗೆ ಗಿರಣಿಗೆ ಹೋಗುವ ಹೊತ್ತಾಯಿತು.

“ನಿಮ್ಮ ತಾತಾರೂ ಹಿಂಗೇ ಹಟಮಾರಿ,” ಎಂದು ಎದ್ದರು. ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ, ಮತ್ತು ಮರುದಿನ ಕುರುಗೋಡಿನ ಅಂಗಡಿಯಲ್ಲಿ ಹೊಸ ಹಾಳೆ ಅಂಟಿಸುವವರೆಗೆ ಅಲ್ಲೇ ನಿಂತಿದ್ದೆ. ಕೊರೆದಿದ್ದ ಪದವನ್ನು ಉಜ್ಜಿ ತೆಗೆದರು. ಆ ಜಾಗದಲ್ಲಿ ಕಲ್ಲು ಸ್ವಲ್ಪ ತಗ್ಗಾಯಿತು, ಹೊಳಪು ಮತ್ತೆ ಬರಲಿಲ್ಲ. ಬೇರೆ ಕಲ್ಲು ಹಾಕಿಸಲು ಸಮಿತಿ ತಯಾರಿರಲಿಲ್ಲ.

ಈ ಸಲ ರಾಜ್ಯೋತ್ಸವದ ಮರುದಿನವೇ ಪಾಡ್ಯ ಬಂದಿತ್ತು. ಅನಾವರಣಕ್ಕೆ ಬಂದ ದೊಡ್ಡವರು ಪರದೆ ಸರಿಸಿ, ಫಲಕವನ್ನು ಓದದೆ, ಆಂಧ್ರದ ದಂಡನ್ನು ತಡೆದ ಗಡಿನಾಡ ವೀರನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ ಬಿತ್ತು. ಚಿಕ್ಕಪ್ಪ ವೇದಿಕೆಯಿಂದ ನನ್ನ ಕಡೆ ನೋಡಿ ಕೈ ಚೆಲ್ಲಿದರು. ನಾನು ಫಲಕದ ಫೋಟೋ ತೆಗೆದುಕೊಂಡೆ. ಈ ಕಲ್ಲಿನ ಬಗ್ಗೆ ನಾನು ಬರೆಯಲಿರುವ ಪ್ರಬಂಧದಲ್ಲಿ ತಾತನ ಮೊದಲ ಮುದ್ರಣದ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಲ್ಲೇಖಿಸಿ, ಅದರ ಜೊತೆ ಈ ಫೋಟೋ ಹಾಕುವುದೆಂದು ಆಗಲೇ ನಿಶ್ಚಯಿಸಿದೆ.

ಮರುದಿನ ಗಂಡಸರು ದನ ಹೊಡೆದುಕೊಂಡು ಹಗರಿಗೆ ಹೋದ ಮೇಲೆ ಹೆಂಗಸರು ಬಂದರು. ನಾನು ಎಡಗಡೆಯವನಿಗೆ ಎಣ್ಣೆ ಹಚ್ಚಿದೆ. ಹೋದ ವರ್ಷ ಬಂದವಳು ಈ ವರ್ಷ ಬಂದವಳ ಕೈ ಹಿಡಿದು ಆ ಮಾತು ಹೇಳಿದಳು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಎಲ್ಲರದೂ ಆದ ಮೇಲೆ ಅಜ್ಜಿ ನನ್ನ ಭುಜ ಹಿಡಿದು ಬಂದು, ಕಲ್ಲಿನ ಮುಂದೆ ಕುಳಿತು, ಬಲಗಡೆಯವನ ಎದೆಗೆ ಅಂಗೈ ತುಂಬ ಎಣ್ಣೆ ಒತ್ತಿದಳು. ತೆಲುಗಿನಲ್ಲಿ ಮೆಲ್ಲಗೆ ಶುರುಮಾಡಿದಳು. ನಾನು ಕೇಳಿಸದಷ್ಟು ದೂರ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಬಹಳ ಹೊತ್ತು ಹಿಡಿಯಿತು. ಬಾಕಿ ಬಹಳ ಇತ್ತೆಂದು ಕಾಣುತ್ತದೆ.

ಕರೆದಾಗ ಹೋಗಿ ಎಬ್ಬಿಸಿದೆ. ಹೊಸ ಕಲ್ಲನ್ನು ಓದು ಎಂದಳು. ಓದಿದೆ. ಎಣ್ಣೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು.

“ನಿಮ್ಮ ತಾತಾರ ಹೆಸರು ಐತಿಲ್ಲ?”

“ಐತಿ. ಕೆಳಗ.”

“ಎಲ್ಲಿ ತೋರಿಸು.”

ಅವಳ ಬೆರಳು ಹಿಡಿದು ತಾತನ ಹೆಸರಿನ ಮೇಲಿಟ್ಟೆ. ತನಗೆ ಓದಲು ಬರದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. ಕೈ ಮೇಲೆ ಹೋಗುವಾಗ ಆ ಉಜ್ಜಿದ ತಗ್ಗು ಸಿಕ್ಕಿತು. ಇಲ್ಲೇನಿತ್ತು ಎಂದಳು. ಹೇಳಿದೆ. ಬಟ್ಟಲಿನ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಬಳಿದು ಅದರ ಮೇಲೂ ಹಚ್ಚಿ, ಸೆರಗಿನಿಂದ ಕೈ ಒರೆಸಿಕೊಂಡು, ಮುಂದಿನ ಪಾಡ್ಯಕ್ಕೆ ಬಟ್ಟಲು ಇನ್ನೂ ದೊಡ್ಡದು ತರಬೇಕು ಎಂದಳು.